ವಿಮಾನದ ಬೇಲಿಯವರೆಗೆ ಒಂದು ಬುತ್ತಿ

ಶುಕ್ರವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಈ ಅರಬರ ನಾಡಿನಲ್ಲಿ ನಾವಿರುವ ಗುಫೂಲ್‌ನಿಂದ ಹೊರಟೆ. ಚೀಲದಲ್ಲಿ ಸ್ಟೀಲಿನ ಬುತ್ತಿ. ಅದರಲ್ಲಿ ನೀರುದೋಸೆ, ಬೆಂಡೆಕಾಯಿ ಪಲ್ಯ, ಮೇಲೆ ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆ. ಮಾತ್ರೆಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಿದ್ದರು. ಹಿಂದೊಮ್ಮೆ ಹೀಗೇ ಬಿಟ್ಟು ತಲೆ ತಿರುಗಿ ಬಿದ್ದವರು.

ಅವಾಲಿ ಪೇಟೆ ದಾಟಿದ ಮೇಲೆ ಮರಳುಗಾಡಿನಲ್ಲಿ ಮಿಲಿಟರಿ ವಿಮಾನದ ಜಾಗವೊಂದಿದೆ. ಅಲ್ಲಿ ಅವರು ಎಸಿ ಮೆಕ್ಯಾನಿಕ್. ಹೊಸ ವಿಮಾನದ ಪರೀಕ್ಷೆ ನಡೆಯುವಾಗ ಕೆಲಸದವರನ್ನು ದಿನಗಟ್ಟಲೆ ಹೊರಗೆ ಬಿಡುವುದಿಲ್ಲ. ಮೊಬೈಲನ್ನೂ ಗೇಟಿನಲ್ಲೇ ತೆಗೆದಿಡುತ್ತಾರೆ. "ವಿಮಾನ ಹೇಗುಂಟು?" ಎಂದು ಎಷ್ಟು ಸಲ ಕೇಳಿದರೂ "ತಂಪುಂಟು" ಎಂದಷ್ಟೇ ಅವರ ಉತ್ತರ.

ಬಸ್ಸಿಗೆ ಇಲ್ಲಿನ ನಾಣ್ಯದಲ್ಲಿ ಮುನ್ನೂರು ಫಿಲ್ಸ್. ಕಿಟಕಿ ಬದಿಯ ಸೀಟು ಸಿಕ್ಕಿತು. ದೇವರು ದೊಡ್ಡವನು. ಅವಾಲಿಯಲ್ಲಿ ನಮ್ಮೂರಿನ ವಸಂತಣ್ಣ ಕಾರು ತಂದು ಕಾದಿದ್ದರು. ಮನೆಗಳೂ ಮರಗಳೂ ಮುಗಿದು ಬರೇ ಮರಳು, ಎಣ್ಣೆಯ ಪೈಪು, ಬಿಸಿಗಾಳಿ. ಕೊನೆಗೆ ಮುಳ್ಳುತಂತಿಯ ಬೇಲಿ.

"ಫೋಟೋ ಗೀಟೋ ತೆಗೀಬೇಡಿ ಅಕ್ಕ, ಮತ್ತೆ ನಮ್ಗಿಬ್ರಿಗೂ ಒಳಗೇ ಊಟ," ಎಂದರು ವಸಂತಣ್ಣ.

ಗೇಟಿನ ಕಾವಲಿನವರು ವಯಸ್ಸಾದವರು. ಯಜಮಾನರ ಹೆಸರು ಹೇಳಿದೆ. "ಇದ್ದಾರೆ ಅಂತಲೂ ಹೇಳುವ ಹಾಗಿಲ್ಲ, ಇಲ್ಲ ಅಂತಲೂ ಹೇಳುವ ಹಾಗಿಲ್ಲ, ಬೆಹೆನ್‌ಜಿ," ಎಂದು ಉರ್ದುವಿನಲ್ಲಿ ಹೇಳಿದರು.

"ಏನೂ ಹೇಳ್ಬೇಡಿ ಭಾಯಿಸಾಬ್. ಬುತ್ತಿ ಒಳಗೆ ಹೋದ್ರೆ ಸಾಕು," ಎಂದು ನನಗೆ ಬಂದ ಹಿಂದಿಯಲ್ಲೇ ಬೇಡಿಕೊಂಡೆ.

ಅವರು ದೋಸೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಮಾತ್ರೆಯ ಹೆಸರು ಓದಿದರು, ಯಾರಿಗೋ ಫೋನ್ ಮಾಡಿದರು. ಬುತ್ತಿ ಒಳಗೆ ಹೋಯಿತು. ನನಗೆ ನೆರಳಿನಲ್ಲಿ ತಮ್ಮದೇ ಕುರ್ಚಿ ಹಾಕಿಕೊಟ್ಟರು. ಬೇಲಿಯಾಚೆ ಏನೋ ಗುಡುಗಿದಂತೆ ಸದ್ದು. ಕಣ್ಣಿಗೆ ಮಾತ್ರ ಮರಳಿನ ಹೊರತು ಏನೂ ಕಾಣಲಿಲ್ಲ. ರಾಮನಾಮ ಹೇಳುತ್ತಾ ಕೂತೆ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬುತ್ತಿ ವಾಪಸು ಬಂತು.

"ಯಾರು ತಿಂದ್ರು?"

"ಅದೂ ಹೇಳುವ ಹಾಗಿಲ್ಲ," ಎಂದು ಆಚೆ ತಿರುಗಿದರು ಕಾವಲಿನವರು.

ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮವಿಲ್ಲ. ಯಜಮಾನರಂತೂ ಕೆಲಸದಿಂದ ಬರುವಾಗ ಬುತ್ತಿಯಲ್ಲಿ ನನಗೆಂದು ಖರ್ಜೂರವನ್ನಾದರೂ ಹಾಕಿ ತರುವವರು. ಮುಚ್ಚಳ ತೆಗೆದೆ. ತೊಳೆದು ಒರೆಸಿದ ಬುತ್ತಿ. ತಳದಲ್ಲಿ ಚಹಾದ ಜೊತೆ ಕೊಡುವ ಸಕ್ಕರೆಯ ಸಣ್ಣ ಪೊಟ್ಟಣ, ಬಾಯಿ ಒಡೆಯದ್ದು.

"ಎಂತ ಅಕ್ಕ, ಬರೇ ಸಕ್ಕರೆಯಾ?" ಎಂದು ವಸಂತಣ್ಣ ಇಣುಕಿದರು.

"ಚಹಾಕ್ಕೆ ಹಾಕ್ಲಿಲ್ಲ ಮಾರಾಯ್ರೆ ಅವ್ರು!" ಎನ್ನುವಾಗ ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಸಂಜೆ ಮನೆಗೆ ಬಂದು ಅದೇ ಸಕ್ಕರೆಯನ್ನು ದೇವರಿಗೆ ನೈವೇದ್ಯವಿಟ್ಟೆ. ಪ್ರಸಾದ ನಾನೊಬ್ಬಳೇ ತಿಂದೆ. ಅವರಿಗೆ ಸಿಹಿ ಆಗುವುದಿಲ್ಲವಲ್ಲ.