ರೆಕ್ಕೆ ಹೆಣೆದ ಕೈ

ಬಿಸಿನೀರಿನಲ್ಲಿ ಅದ್ದಿದ ಕೋಳಿಪುಕ್ಕದ ವಾಸನೆ ಎಲ್ಲಿಂದ ಬಂದರೂ ನನಗೆ ಹೊಸನಗರದ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿದ್ದ ಚಿಕ್ಕಮ್ಮನ ಎರಡು ಕೋಣೆಯ ಮನೆ ಕಣ್ಣಿಗೆ ಬರುತ್ತದೆ. ಅವಳು ನಾಟಿಕೋಳಿ ಸಾಕಿ ಸಂತೆಗೆ ಒಯ್ಯುತ್ತಿದ್ದಳು. ಕೋಳಿ ಒದ್ದಾಡದಂತೆ ಎರಡೂ ರೆಕ್ಕೆಗಳನ್ನು ಬೆನ್ನ ಮೇಲೆ ಎಳೆದು ಒಂದರೊಳಗೊಂದು ಹೆಣೆದುಬಿಡುವುದು ನಮ್ಮ ಕಡೆಯ ರೂಢಿ. "ನಿನ್ ಜಡೆ ಹೆಣೆಯೋಕಿಂತ ಇದೇ ಸಲೀಸು ಕಣೇ, ಇದು ಅಳಲ್ಲ" ಎಂದು ನನ್ನನ್ನು ಕಾಡುತ್ತಿದ್ದಳು. ಬಿಚ್ಚಿದೊಡನೆ ಕೋಳಿಗಳು ಮೈಕೊಡವಿ ಓಡುತ್ತಿದ್ದವು.

ನನಗಾಗ ಒಂಬತ್ತು ವರ್ಷ. ದಡದಲ್ಲಿ ಒಣಹಾಕಿದ್ದ ಮೀನುಬಲೆಗೆ ಬೆಳ್ಳಕ್ಕಿಯೊಂದು ಸಿಕ್ಕಿಕೊಂಡು ಬಡಿದಾಡುತ್ತಿತ್ತು. ಚಿಕ್ಕಮ್ಮ ಕೋಳಿಗೆ ಮಾಡಿದಂತೆಯೇ ಅದರ ರೆಕ್ಕೆ ಹೆಣೆದು, ನನ್ನ ಕೈಗೆ ಕೊಟ್ಟು, ಕಾಲಿಗೆ ಸುತ್ತಿದ್ದ ನೂಲನ್ನು ಕತ್ತರಿಸಿದಳು. ಆಮೇಲೆ ರೆಕ್ಕೆ ಬಿಡಿಸಿ, "ಹೋಗು ಮಾರಾಯ್ತಿ" ಎಂದು ನೀರಿನ ಕಡೆಗೆ ಹಾರಿಸಿದಳು. ಒಂದು ರೆಕ್ಕೆ ಮೇಲೆದ್ದಿತು. ಇನ್ನೊಂದು ಏಳಲೇ ಇಲ್ಲ. ಹಕ್ಕಿ ನೀರಿಗೆ ಬಿತ್ತು. "ಅಯ್ಯೋ" ಎಂದವಳೇ ಸೀರೆಯಲ್ಲೇ ಇಳಿದಳು. ನಾಲ್ಕನೆಯ ಹೆಜ್ಜೆಗೆ ನೆಲವೇ ಇರಲಿಲ್ಲ. ತಲೆ ಮುಳುಗಿ, ಎದ್ದು, ಮತ್ತೆ ಮುಳುಗಿತು. ನೀರಿನಲ್ಲಿ ನಿಂತಿದ್ದ ಸತ್ತ ಮರದ ಬೊಡ್ಡೆ ಅವಳ ಕೈಗೆ ಸಿಕ್ಕಿತು. ಇವತ್ತಿಗೂ ನನ್ನ ಮನಸ್ಸಿನಲ್ಲಿ ಆ ಕೈಗೆ ಎಷ್ಟೋ ಸಲ ಮರ ಸಿಗುವುದೇ ಇಲ್ಲ. ಕೆಮ್ಮುತ್ತ ದಡಕ್ಕೆ ಬಂದವಳು, "ಹಾಳು ಬಲೆ, ರೆಕ್ಕೆ ಮುರ್ದಾಕ್ತು" ಎಂದು ಅತ್ತಳು. ಹಕ್ಕಿ ಆಗಲೇ ಕಾಣುತ್ತಿರಲಿಲ್ಲ.

ಸಾಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ತಿಳಿಯಿತು: ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಸ್ನಾಯು ಮಾತ್ರವಲ್ಲ, ಮೇಲಕ್ಕೆತ್ತುವ ಸ್ನಾಯುವೂ ಎದೆಯಲ್ಲೇ ಇದೆ. ಅದರ ತುದಿಯ ಬಿಳಿ ನಾರು, ಬಾವಿಹಗ್ಗ ರಾಟೆಯ ಮೇಲೆ ಹಾದಂತೆ, ಹೆಗಲ ಮೂಳೆಗಳ ನಡುವೆ ಹಾದು ರೆಕ್ಕೆಯನ್ನು ಎಳೆಯುತ್ತದೆ. ಅದು ಹರಿದರೆ ಹಕ್ಕಿ ನೆಲಬಿಟ್ಟು ಮೇಲೇಳಲಾರದು. ರಜೆಗೆ ಹೋದವಳೇ ಓದಿದ ಗತ್ತಿನಲ್ಲಿ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಆ ಬೆಳ್ಳಕ್ಕಿಯದು ಹೆಣೆಯುವಾಗಲೇ ಹರಿದಿರಬೇಕು ಎಂದೂ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳ ಬೆರಳು ನಿಂತಿತು.

"ಹಂಗಾದ್ರೆ ನಾನೇ ಮಾಡಿದ್ದಾ?"

ಬಲೆಯಲ್ಲಿ ಬಡಿದಾಡುವಾಗಲೂ ಹರಿದಿರಬಹುದಿತ್ತು. ನಾನೇನು ಕೊಯ್ದು ನೋಡಿದ್ದೆನೆ? ಆದರೂ ಸುಮ್ಮನಿದ್ದೆ. ಆಮೇಲೆ ಅವಳು ಒಂದೊಂದೇ ಕೋಳಿಯನ್ನು ಎದೆಗವಚಿಕೊಂಡು ಸಂತೆಗೆ ನಡೆಯತೊಡಗಿದಳು. "ಎಂತ ಮಾರಾಯ್ತಿ, ಕೋಳಿಗೆ ಜ್ವರ ಬಂತಾ?" ಎಂದು ಊರವರು ನಗುತ್ತಿದ್ದರು. ಈಗ ಆ ಮನೆಯಿಲ್ಲ, ಅವಳೂ ಇಲ್ಲ. "ನನಗೆ ಗೊತ್ತಿಲ್ಲ ಚಿಕ್ಕಮ್ಮ" ಎಂಬ ಮೂರು ಶಬ್ದ, ಅಷ್ಟು ಓದಿದ ಬಾಯಿಗೆ ಅವತ್ತು ಬರಲಿಲ್ಲ.