ಮಾಸ್ತರರ ಪಾರಿವಾಳ, ನನ್ನ ಅರ್ಜಿ

ಬಾಗಲಕೋಟೆಗೆ ಬಂದ ಮೂರನೇ ವಾರ, ನನ್ನ ಹುಂಜ ಕೂಗುವುದು ತಪ್ಪು ಎಂದು ತಿಳಿಯಿತು. ನಗರಸಭೆಯಿಂದ ಬಂದವರೊಬ್ಬರು ಬಾಗಿಲಲ್ಲಿ ನಿಂತು, "ಮೇಡಂ, ಮನಿ ಇರೂ ಓಣ್ಯಾಗ ಹುಂಜ ಇಡಂಗಿಲ್ರಿ. ದೂರು ಬಂದೈತಿ," ಎಂದರು.

ನಾನು ಮಳವಳ್ಳಿ ಕಡೆಯವಳು. ನಮ್ಮಲ್ಲಿ ಹುಂಜ ಕೂಗದಿದ್ದರೆ ದೂರು ಬರುತ್ತದೆ. ಇಲ್ಲಿನ ದವಾಖಾನಿಗೆ, ಅಂದರೆ ಆಸ್ಪತ್ರೆಗೆ, ನರ್ಸಾಗಿ ವರ್ಗವಾಗಿ ಬರುವಾಗ ಹಾಸಿಗೆ, ಒಲೆಗಳ ಜೊತೆ ಮಂಕರಿಯಲ್ಲಿ ಒಂದು ಹುಂಜ, ಮೂರು ಹೇಂಟೆ ತಂದಿದ್ದೆ. ಗುರುತಿನ ಮುಖ ಬೇಡವೇ, ಕೋಳಿಯದಾದರೂ ಸರಿ! ನಾನಿರುವ ನವನಗರದಲ್ಲಿ ರಸ್ತೆಗಳೆಲ್ಲ ನೇರ, ಮನೆಗಳಿಗೆಲ್ಲ ನಂಬರು. ನನ್ನ ಮನೆಗೇ ದಾರಿ ಕೇಳಿಕೊಂಡು ಹೋಗಿದ್ದೇನೆ. ಮುದ್ದೆ ಕಟ್ಟಿದ ಕೈಗೆ ರೊಟ್ಟಿ ಬಡಿಯಲು ಬರದೆ, ನನ್ನ ಮೊದಲ ಜೋಳದ ರೊಟ್ಟಿಯನ್ನು ಕೋಳಿಗಳೂ ಕುಕ್ಕಿ ನೋಡಿ ಬಿಟ್ಟವು. ಹೇಂಟೆಗೆ ಇಲ್ಲಿ ಹ್ಯಾಟಿ ಎನ್ನುತ್ತಾರೆ.

ಬಂದವರು ನಿಯಮ ವಿವರಿಸಿದರು. ನಾಲ್ಕು ಹೇಂಟೆ ಇಡಬಹುದು, ಪಾರಿವಾಳವಾದರೆ ಆರು. ಜಾಲರಿಯ ಗೂಡು ಬೇಕು, ದಿನಾ ಗುಡಿಸಬೇಕು, ಪಕ್ಕದ ಮನೆಯವರ ಒಪ್ಪಿಗೆ ಸಹಿ ಇರಬೇಕು. ಸಹಿಯನ್ನು ತಾವೇ ಹೋಗಿ ಕೇಳಿ ಪಡೆಯುವುದಾಗಿ ಹೇಳಿದರು. ತುಳಸಿಗೇರಿಯಿಂದ ಕೆಲಸಕ್ಕೆ ಬರುವ ಗೆಳತಿಗೆ ಹುಂಜವನ್ನು ಕೊಟ್ಟೆ, ಕೊಯ್ಯುವುದಿಲ್ಲವೆಂದು ಆಣೆ ಮಾಡಿಸಿ.

ದೂರು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಮಾಸ್ತರೇ ಎಂದು ನಾನೇ ತೀರ್ಮಾನಿಸಿದೆ. ಅವರ ಮಾಳಿಗೆ ತುಂಬ ಪಾರಿವಾಳ, ಅವುಗಳ ಹಿಕ್ಕೆಯೆಲ್ಲ ನನ್ನ ಸಂಡಿಗೆಯ ಮೇಲೆ. ನಮ್ಮೂರಾಗಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅರ್ಧ ಗಂಟೆ ಜಗಳವಾಡಿ, ಸಂಜೆಗೆ ಅವರ ಮನೆಯಿಂದಲೇ ಹೆಪ್ಪು ಈಸಿಕೊಂಡು ಬರುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗಿಲ್ಲಿ ಜಗಳವಾಡಲೂ ಮಾತಿರಲಿಲ್ಲ. ಬಾಯಿ ತೆರೆದರೆ ಪುಸ್ತಕ ಓದಿದಂತೆ ಕೇಳಿಸಿ ಜನ ನಗುತ್ತಿದ್ದರು. ಹಾಗಾಗಿ ಪಾರಿವಾಳಗಳ ಮೇಲೆ ನಗರಸಭೆಗೆ ದೂರಿನ ಅರ್ಜಿ ಬರೆದೆ, ಎರಡು ಪುಟ.

ಹತ್ತು ದಿನಕ್ಕೆ ನಗರಸಭೆಯ ಅದೇ ನೌಕರರು ಬಂದು, ಒಪ್ಪಿಗೆ ಸಹಿ ಇಲ್ಲದ ಪಾರಿವಾಳ ತೆಗೆಯಬೇಕೆಂದು ಮಾಸ್ತರಿಗೆ ನೋಟಿಸು ಕೊಟ್ಟರು, ನನಗೆ ಹೇಂಟೆಗಳ ಪರವಾನಗಿ. ಅದರ ಮೇಲೆ ಮಾಸ್ತರರ ಸಹಿ ಇತ್ತು.

"ಅವ್ರು ಮೊದಲನೇ ದಿವಸನ ಸಹಿ ಮಾಡ್ಯಾರ್ರಿ. ನಿಮ್ಮ ಮ್ಯಾಲೆ ದೂರು ಕೊಟ್ಟವ್ರು ಹಿಂದಿನ ಓಣಿಯವ್ರು."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಪಕ್ಕದ ಮನೆಗೆ ಹೋಗುವಷ್ಟು ಧೈರ್ಯ ಕೂಡಿಸಿಕೊಳ್ಳಲು ಎರಡು ದಿನ ಬೇಕಾಯಿತು. ಹೋದಾಗ ಮಾಸ್ತರು ಖಾಲಿ ಗೂಡು ಗುಡಿಸುತ್ತಿದ್ದರು. ಹಕ್ಕಿಗಳನ್ನೆಲ್ಲ ಬೆಳಗಿನ ಬಸ್ಸಿನಲ್ಲಿ ಹುನಗುಂದದ ಗೆಳೆಯನಿಗೆ ಒಪ್ಪಿಸಿ ಬಂದಿದ್ದರು.

"ಅರ್ಜಿ ಬರೆದವಳು ನಾನೇ. ತಪ್ಪಾಯಿತು. ಒಪ್ಪಿಗೆ ಸಹಿ ಮಾಡುತ್ತೇನೆ," ಎಂದೆ.

ಅವರು ಪೊರಕೆ ಕೆಳಗಿಟ್ಟರು. "ಬಂದು ಬೈಬೇಕಾಗಿತ್ತವಾ. ಬೈದಿದ್ರ ಅವತ್ತ ಗೂಡು ಆ ಕಡಿ ಸರಸ್ತಿದ್ದೆ. ಕಾಗದಕ್ಕ ನಾ ಏನ ಅನ್ಲಿ?"

"ವಾಪಸ್ಸು ಬರುತ್ತವಾ?"

"ಇಲ್ಲಿ ಹಾರಿದವು ಬರ್ತಾವ. ಮರಿ ಬರೂದಿಲ್ಲ. ಅವಕ್ಕಿನ್ನೂ ಹಾರಾಕ ಬರ್ತಿರಲಿಲ್ಲ, ಈ ಊರ ಗುರ್ತ ಇಲ್ಲ."

ಹೇಳಿದಂತೆಯೇ ಆಯಿತು. ಗೆಳೆಯ ಗೂಡು ತೆರೆದು ಬಿಟ್ಟ ಸಂಜೆಯೇ ಒಂಬತ್ತು ಹಳೆಯ ಹಕ್ಕಿಗಳು ಬಂದಿಳಿದವು. ಆರು ಮಾಸ್ತರರ ಹೆಸರಿಗೆ, ಮೂರು ನನ್ನ ಹೆಸರಿಗೆ ಬರೆಸಿ, ಒಬ್ಬರಿಗೊಬ್ಬರು ಸಹಿ ಮಾಡಿಕೊಂಡೆವು. ಮರಿಗಳು ಮಾತ್ರ ಹುನಗುಂದದಲ್ಲೇ ಉಳಿದವು. ದಿನಾ ಸಂಜೆ ಮಾಸ್ತರು ಕಾಳು ಹಿಡಿದು ಹುನಗುಂದವಿರುವ ಮೂಡಣ ದಿಕ್ಕಿಗೆ ನೋಡುತ್ತಾರೆ. ನಾನೂ ನೋಡುತ್ತೇನೆ.

ಈಚೆಗೆ ರಜೆ ಹಾಕಿ ಮಳವಳ್ಳಿಗೆ ಹೋಗಿದ್ದೆ. ಮೂರನೇ ದಿನಕ್ಕೆ ತಡೆಯಲಾರದೆ ಮಾಸ್ತರಿಗೆ ಫೋನು ಮಾಡಿ, ಮರಿಗಳೇನಾದರೂ ಬಂದವಾ ಎಂದು ಕೇಳಿದೆ.

"ಇಲ್ಲವಾ. ಅವಕ್ಕ ಹುನಗುಂದನ ಊರಾತು ಈಗ. ನೀ ಯಾವಾಗ ಬರ್ತಿ? ಹ್ಯಾಟಿ ದಾರಿ ನೋಡಾಕತ್ತಾವ."

"ಸೋಮವಾರ ಬರ್ತೇನಿ," ಎಂದು ಫೋನಿಟ್ಟೆ. ಒಲೆ ಮುಂದೆ ಕೂತಿದ್ದ ಅವ್ವ ತಿರುಗಿ ಕೇಳಿದಳು: "ನಿಮ್ಮೂರಲ್ಲಿ ಎಲ್ಲಾರೂ ಚೆನ್ನಾಗವ್ರಂತಾ?"

ಹುಟ್ಟಿದ ಮನೆಯಲ್ಲಿ, ಹೆತ್ತವಳ ಬಾಯಲ್ಲಿ, ಬಾಗಲಕೋಟೆಗೆ 'ನಿಮ್ಮೂರು' ಎಂಬ ಮಾತು.

"ಹೂಂ ಕಣವ್ವ, ಚೆನ್ನಾಗವ್ರೆ," ಎಂದೆ.