ಮಾವನವರ ಮೂರು ಲೋಟ

ಮಾವನವರಿಗೆ ಕಳ್ಳನ ಮೇಲೂ ಅನುಮಾನವಿಲ್ಲ, ನೀರಿನ ಮೇಲೆ ಮಾತ್ರ ಬೆಟ್ಟದಷ್ಟು. ಬೆಳಗಾದರೆ ಸೊಸೆ ಮೂರು ಲೋಟ ಸಾಲಾಗಿ ಇಡಬೇಕು: ನಲ್ಲಿಯದು, ಬೋರಿನದು, ಅಂಗಡಿಯ ಕ್ಯಾನಿನದು. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಬಾಯಲ್ಲಿ ಹೊರಳಿಸಿ ತೀರ್ಪು ಕೊಡುತ್ತಾರೆ. "ಬೋರಿಂದು ತುಕ್ಕು ಮೊಳೆ ನೆಕ್ಕಿದ ಹಾಗಿದೆ. ಕ್ಯಾನಿಂದಕ್ಕೆ ರುಚಿಯೇ ಇಲ್ಲ, ಏನೋ ಮುಚ್ಚಿಡ್ತಿದೆ. ನಲ್ಲೀದು ಸಿಹಿಯಾಗಿದೆ, ಅದನ್ನಂತೂ ನಂಬಲೇಬಾರದು!" ನೆಂಟರ ಮನೆಗೆ ಹೋದರೂ ಟ್ಯಾಂಕಿನೊಳಗೆ ಇಣುಕಿದ ಮೇಲೆಯೇ ಚಪ್ಪಲಿ ಬಿಡುವುದು. ಕುಡಿದಾದ ಮೇಲೆ ಗಡಿಯಾರದ ಮುಂದೆ ಒಂದು ಗಂಟೆ ಕೂರುತ್ತಾರೆ. ತಮಗೇನೂ ಆಗಲಿಲ್ಲವೆಂದು ಖಾತ್ರಿಯಾಗುವವರೆಗೆ ಮೊಮ್ಮಗಳಿಗೆ ಹನಿ ನೀರು ಕೊಡುವಂತಿಲ್ಲ. "ನಾನೇನು ವಿಷ ಬೆರೆಸ್ತೀನಾ ಮಾವ?" ಎಂದು ಸೊಸೆ ಒಂದು ದಿನ ರೇಗಿಯೇಬಿಟ್ಟಳು. ಮಾವನವರು ಗಡಿಯಾರದಿಂದ ಕಣ್ಣು ಕೀಳಲಿಲ್ಲ. "ಅನುಮಾನ ನಿನ್ನ ಮೇಲಲ್ಲ ತಾಯಿ, ನನ್ನ ನಾಲಿಗೆ ಮೇಲೆ. ಬೀದಿಗೆ ನೀರು ಬಿಡೋ ಕೆಲಸದಲ್ಲಿದ್ದಾಗ ದಿನಾ ಒಂದು ಗುಟುಕು ಕುಡಿದು ನೋಡೇ ವಾಲ್ವ್ ತಿರುಗಿಸ್ತಿದ್ದೆ. ಒಂದಿನ ಪೈಪು ಒಡೆದು ಚರಂಡಿ ನೀರು ಸೇರಿತ್ತು. ಸಿಹಿಯಾಗಿದೆ ಅಂತ ಬೀದಿಗೆ ಬಿಟ್ಟುಬಿಟ್ಟೆ. ಎದುರುಮನೆ ಕೂಸು ಉಳೀಲಿಲ್ಲ." ಮರುದಿನದಿಂದ ಸೊಸೆ ಆರು ಲೋಟ ಇಡತೊಡಗಿದಳು. ಮೂರು ಅವರಿಗೆ, ಮೂರು ತನಗೆ. ಕುಡಿದು, ಇಬ್ಬರೂ ಗಡಿಯಾರ ನೋಡುತ್ತ ಕೂರುತ್ತಾರೆ.